ಸೂರಿನ ಪಾಲು

ನಾನು ಗುಟ್ಟಾಗಿ ಒಲೆ ಮೆತ್ತಿದ್ದು ಅತ್ತೆಗೆ ಗೊತ್ತಾದ ದಿನವೇ ಮೇಘನಾ ನದಿ ಮಸೀದಿಯ ಹಿಂದಿನ ಮನೆಗಳ ಜಾಗವನ್ನು ತೆಗೆದುಕೊಂಡಿತು. ಹಾಗಾಗಿ ನನಗೆ ಬೀಳಬೇಕಾಗಿದ್ದ ಬೈಗುಳ ಅರ್ಧಕ್ಕೇ ನಿಂತುಹೋಯಿತು. ನದಿಯಿಂದ ನನಗೆ ಆದ ಉಪಕಾರ ಅದೊಂದೇ.

ಒಲೆ ಅಂದರೆ ಎತ್ತಿಕೊಂಡು ಹೋಗುವಂಥ ಮಣ್ಣಿನ ಒಲೆ. ನಮ್ಮ ದ್ವೀಪದಲ್ಲಿ ಮಳೆಗೆ ಮುಂಚೆ ಪ್ರತಿ ಮನೆಯ ಹೆಂಗಸೂ ಜೇಡಿಮಣ್ಣಿಗೆ ಹೊಟ್ಟು ಕಲಸಿ ಅಂಥದ್ದೊಂದನ್ನು ಮಾಡಿ ಒಣಗಿಸಿಡುತ್ತಾಳೆ. ಅಡುಗೆಮನೆಗೆ ನೀರು ನುಗ್ಗಿದರೆ ಅದನ್ನು ಮಂಚದ ಮೇಲಿಟ್ಟು ಅನ್ನ ಬೇಯಿಸಬಹುದು. ಮನೆಗೊಂದು ಒಲೆ ಸಾಕು. ಅತ್ತೆ ಮಾಡಿದ್ದು ಆಗಲೇ ಒಣಗಿ ಅಟ್ಟ ಸೇರಿತ್ತು. ನಾನು ಕೊಟ್ಟಿಗೆಯ ಹಿಂದೆ ಬಾಳೆಲೆ ಮುಚ್ಚಿಟ್ಟಿದ್ದು ಎರಡನೆಯದು. ಒಂದು ಮನೆಯಲ್ಲಿ ಎರಡು ಒಲೆ ಅಂದರೆ ಎರಡು ಮನೆ ಅಂತಲೇ ಅರ್ಥ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

"ಇದು ಯಾರಿಗೆ?" ಅಂದರು ಅತ್ತೆ, ಬಾಳೆಲೆಯನ್ನು ಕಾಲಿನಿಂದ ಸರಿಸಿ.

"ಮಳೆಗಾಲಕ್ಕೆ ಅಮ್ಮಾ. ಒಂದು ಒಡೆದ್ರೆ ಇನ್ನೊಂದಿರ್ಲಿ ಅಂತ."

"ನಾನು ಮಾಡಿದ ಒಲೆ ಇದುವರೆಗೆ ಯಾವುದು ಒಡೆದಿದೆ?"

"ಒಡೆದಿಲ್ಲ."

"ಮತ್ತೆ? ನಿನ್ನ ಹೊಟ್ಟೇಲಿರೋದು ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ ಹಾಸ್ನಾ? ಒಂಬತ್ತು ವರ್ಷದಿಂದ ನಿನ್ನ ಮುಖ ನೋಡ್ತಿದೀನಿ. ನಿಂಗೆ ಬೇರೆ ಆಗಬೇಕು. ಗಂಡ, ಎರಡು ಮಕ್ಕಳು, ಒಂದು ಪುಟ್ಟ ಮಡಕೆ. ಮುದುಕಿ ಎಲ್ಲಾದ್ರೂ ಸಾಯ್ಲಿ."

"ನಾನೆಲ್ಲಿ ಹಾಗಂದೆ?"

"ಒಲೆ ಅಂತಿದೆಯಲ್ಲ."

ಆಗ ಕೇಳಿಸಿತು ಆ ಸದ್ದು. ಗುಡುಗಿನ ಹಾಗಲ್ಲ, ಅದಕ್ಕಿಂತ ತಗ್ಗಿನಲ್ಲಿ, ಕಾಲಡಿಯಿಂದ ಬಂದ ಹಾಗೆ. ಅತ್ತೆಯ ಮುಖ ಬಿಳುಚಿಕೊಂಡಿತು. "ಮಕ್ಕಳೆಲ್ಲಿ?" ಅಂದವರೇ ಸೆರಗು ತಲೆಗೆ ಎಳೆದುಕೊಂಡು ಓಡಿದರು. ನಾನೂ ಓಡಿದೆ. ಮಕ್ಕಳು ಅಂಗಳದಲ್ಲೇ ಇದ್ದರು. ಮಸೀದಿಯ ಹಿಂದೆ ಮಾತ್ರ ಬೆಳಗ್ಗೆ ಇದ್ದ ನೆಲ ಇರಲಿಲ್ಲ.

ನಾನು ಬೇರೆಯಾಗಬೇಕು ಅಂದುಕೊಂಡದ್ದರಲ್ಲಿ ಸುಳ್ಳೇನಿಲ್ಲ, ನಾಚಿಕೆಯೂ ಇಲ್ಲ. ನನ್ನ ಗಂಡ ಮೊಫಿಜ್ ಬೇರೆಯವರ ದೋಣಿಯಲ್ಲಿ ಇಲಿಶ್ ಮೀನಿಗೆ ಹೋಗುವವರು. ಮೂರು ದಿನ ನೀರಿನ ಮೇಲಿದ್ದು ಬಂದರೆ ಮನೆಗೆ ಅಕ್ಕಿ ಬರುತ್ತಿತ್ತು. ಮೈದುನ ಇದ್ರಿಸನದು ಸೈಕಲ್ ಬಂಡಿ. ಸಂತೆಗೆ ಹೋಗುವ ರಸ್ತೆಯನ್ನು ನದಿ ನುಂಗಿದ ಮೇಲೆ ಬಂಡಿಯನ್ನು ಮನೆಯ ಸುತ್ತ ಓಡಿಸುವುದೊಂದೇ ಬಾಕಿ. ಅವನ ಹೆಂಡತಿ ಪಿಯಾರಾ ಒಳ್ಳೆಯ ಹುಡುಗಿ, ಆದರೆ ಅವಳು ಒಂದು ಮೀನು ಹೆರೆಯುವಷ್ಟರಲ್ಲಿ ನಾನು ಸಾರು ಕುದಿಸಿ ಇಳಿಸಿರುತ್ತೇನೆ. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ನನ್ನ ಮಗಳು ಟುನುವಿಗೆ ಜಡೆ ಹಾಕುತ್ತ ಕೂತರೆ ಅವಳಿಗೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಟುನುವಿಗೂ ಅಷ್ಟೇ, ನನಗಿಂತ ಚಿಕ್ಕಮ್ಮನೇ ಹೆಚ್ಚು.

ಅತ್ತೆಯ ವಿಷಯ ಬೇರೆ. ಸುರತ್‌ಜಾನ್ ಬೀಬಿ ಅಂದರೆ ಈ ದಂಡೆಯಲ್ಲಿ ಎಲ್ಲರಿಗೂ ಗೊತ್ತು. ಸಾವಿರದ ಒಂಬೈನೂರ ಎಪ್ಪತ್ತರ ಬಿರುಗಾಳಿಯಲ್ಲಿ ಸಮುದ್ರ ಮೇಲೆದ್ದು ಬಂದಾಗ ಅವರಿಗೆ ಹದಿಮೂರೋ ಹದಿನಾಲ್ಕೋ. ಚಿಕ್ಕಮ್ಮನ ಬಾಣಂತನಕ್ಕೆಂದು ಉತ್ತರದ ಕಡೆಯ ಊರಿಗೆ ಹೋಗಿದ್ದರು. ಇಲ್ಲಿ ಅವರ ಅಪ್ಪನ ಮನೆ ಗಟ್ಟಿ ಅಂತ ಅಜ್ಜ, ಅಜ್ಜಿ, ದೊಡ್ಡಪ್ಪನ ಸಂಸಾರ, ಸೋದರತ್ತೆಯ ಸಂಸಾರ, ಕುಯ್ಲಿಗೆ ಬಂದ ಆಳುಗಳು, ಎಲ್ಲರೂ ಅಲ್ಲೇ ಬಂದು ಕೂತಿದ್ದರು. ನೀರು ಇಳಿದ ಮೇಲೆ ಅತ್ತೆ ನಡೆದುಕೊಂಡು ಬಂದು ನೋಡಿದರೆ ಮನೆಯೂ ಇಲ್ಲ, ಮನೆ ನಿಂತಿದ್ದ ದಿಬ್ಬವೂ ಇಲ್ಲ. ಮಣ್ಣು ಮಾಡಲು ಒಂದು ಹೆಣವೂ ಸಿಗಲಿಲ್ಲ. ಅಂದಿನಿಂದ ಅವರಿಗೆ ಒಂದೇ ಹಟ: ತನ್ನವರೆಲ್ಲ ಕಣ್ಣ ಮುಂದೆ ಇರಬೇಕು. ಮಾವ ಬದುಕಿದ್ದಾಗ ಒಂದು ದಿನ ತಡವಾಗಿ ಬಂದರೆ ಅವರಿಗೂ ಬೈಗುಳ ತಪ್ಪುತ್ತಿರಲಿಲ್ಲವಂತೆ.

ನಮ್ಮ ಸೂರು ತಗಡಿನದು, ನಾಲ್ಕು ಇಳಿಜಾರಿನದು. ಮಾವ ಕಟ್ಟಿಸಿದ್ದು. ನದಿ ಹತ್ತಿರ ಬಂದಂತೆಲ್ಲ ಅದನ್ನು ಬಿಚ್ಚಿ ಹಿಂದಕ್ಕೆ ಸಾಗಿಸಿ ಮತ್ತೆ ನಿಲ್ಲಿಸುವುದು ಇಲ್ಲಿ ಯಾರಿಗೂ ಹೊಸದಲ್ಲ. ನಮ್ಮಲ್ಲಿ ನೆಲಕ್ಕೆ ಬೆಲೆಯಿಲ್ಲ, ಅದು ಇವತ್ತಿರುತ್ತದೆ, ನಾಳೆ ಇರುವುದಿಲ್ಲ. ತಗಡೇ ಆಸ್ತಿ. ಸೂರು ಕಂಬದ ಮೇಲಿರುವ ತನಕ ಅಣ್ಣತಮ್ಮಂದಿರು ಪಾಲು ಕೇಳುವಂತಿಲ್ಲ. ಕೆಳಗಿಳಿಯಿತೋ, ಕೇಳಿದವನಿಗೆ ಕೊಡಲೇಬೇಕು. ಇದು ದಂಡೆಯ ಕಟ್ಟಳೆ. ಹಿಂದೆಲ್ಲ ಸೂರು ಇಳಿದಾಗ ಮಾವ ಇದ್ದರು, ಮಕ್ಕಳು ಚಿಕ್ಕವರು. ಈಗ ಇಳಿದರೆ ಏನಾಗುತ್ತದೆ ಅಂತ ಅತ್ತೆಗೆ ಗೊತ್ತಿತ್ತು. ಅದಕ್ಕೇ ಅವರು ಇಳಿಸಲು ಬಿಡುತ್ತಿರಲಿಲ್ಲ.

ಮಸೀದಿಯ ಹಿಂದಿನ ನೆಲ ಹೋದ ವಾರದಲ್ಲೇ ಊಟದ ಹೊತ್ತಿಗೆ ಮಾತು ಬಂತು.

"ಪಿಯಾರಾ ಅಪ್ಪ ಹೇಳಿ ಕಳ್ಸಿದಾರೆ," ಇದ್ರಿಸ್ ತಟ್ಟೆ ನೋಡುತ್ತಲೇ ಶುರುಮಾಡಿದ. "ನದಿ ನಡುವೆ ಹೊಸದಾಗಿ ಮರಳುದಿಬ್ಬ ಎದ್ದಿದೆಯಲ್ಲ, ಆ ಚರದಲ್ಲಿ ಜಾಗ ಇದೆಯಂತೆ. ಈಗ ಸೂರು ನಿಲ್ಲಿಸಿದೋರಿಗೆ ಜಾಗ. ಆಮೇಲೆ ಹೋದ್ರೆ ಇನ್ಯಾರೋ ಕೂತಿರ್ತಾರೆ."

"ಹೋಗು. ಯಾರು ಬೇಡ ಅಂದ್ರು?" ಅಂದರು ನನ್ನ ಗಂಡ.

"ಬರಿಗೈಲಿ ಹೋಗಿ ಮರಳಿನ ಮೇಲೆ ಕೂತ್ಕೊಳ್ಲಾ? ತಗಡು ಬೇಕು."

"ತಗಡು ನಿಂಗೆ ಕೊಟ್ಟು ನಾನು ಒಡ್ಡಿನ ಮೇಲೆ ಕೊಡೆ ಹಿಡ್ಕೊಂಡು ಮಲಗ್ಲಾ?"

"ಅರ್ಧ ಅಂದೆ. ಪೂರ್ತಿ ಯಾರು ಕೇಳಿದ್ರು? ಒಡ್ಡಿನ ಮೇಲೆ ಯಾಕೆ ಇರ್ಬೇಕು, ನೀನೂ ಬಾ ಅಣ್ಣಾ."

"ದೋಣಿ ಇಲ್ಲಿ, ಕೆಲಸ ಇಲ್ಲಿ. ಅಲ್ಲಿ ಬಂದು ನಿನ್ನ ಹಾಗೆ ಬಂಡಿ ಹೊಡೀಲಾ? ರಸ್ತೆ ಇದೆಯಾ ಅಲ್ಲಿ?"

"ಇಲ್ಲಿದೆಯಾ?"

ನನಗೆ ನಗು ಬಂತು, ಸೆರಗು ಕಚ್ಚಿಕೊಂಡೆ. ಅತ್ತೆ ಮೀನಿನ ತಲೆಯನ್ನು ಸೌಟಿನಲ್ಲಿ ಎತ್ತಿ ಹಿಡಿದು, "ಇದು ಯಾರಿಗೆ ಹಾಕ್ಲಿ?" ಅಂದರು.

"ಅಮ್ಮಾ, ನಾವು ಮಾತಾಡ್ತಿರೋದು..."

"ಕೇಳಿಸ್ತು. ನಾನಿರೋ ತನಕ ಸೂರು ಇಳಿಯಲ್ಲ."

"ನೀನಂದ್ರೆ ಸಾಕಾ? ನದಿ ಕೇಳ್ಬೇಕಲ್ಲ," ಅಂದ ಇದ್ರಿಸ್.

"ನದಿ ಹತ್ರ ನಾನು ಮಾತಾಡ್ಕೋತೀನಿ. ನೀವು ಉಣ್ಣಿ."

ತಲೆಯನ್ನು ಬಾಚ್ಚುವಿನ ತಟ್ಟೆಗೆ ಹಾಕಿದರು. ನಾಲ್ಕು ವರ್ಷದ ನನ್ನ ಮಗ ಅದನ್ನು ನೋಡಿಯೇ ಅತ್ತುಬಿಟ್ಟ. ಅತ್ತೆ ಮಾತ್ರ ಅಂದು ತಂಗಳು ನೀರನ್ನದಲ್ಲಿ ಕೈ ಆಡಿಸಿ ಎದ್ದುಹೋದರು. ಅಂದಿನಿಂದ ಅವರು ಸರಿಯಾಗಿ ಉಂಡದ್ದು ನಾನು ಕಾಣಲಿಲ್ಲ.

ಭಾದ್ರ ತಿಂಗಳು ಪೂರ್ತಿ ಹಾಗೇ ಕಳೆಯಿತು. ದಿನಾ ಬೆಳಗ್ಗೆ ಎದ್ದು ನಾವು ಮೊದಲು ಮಾಡುತ್ತಿದ್ದ ಕೆಲಸ ದಂಡೆ ಎಲ್ಲಿದೆ ಅಂತ ನೋಡುವುದು. ಹುಟ್ಟಿದಾಗಿನಿಂದ ಈ ನದಿಯನ್ನು ನೋಡಿದವಳು ನಾನು, ಆದರೂ ಹೇಳುತ್ತೇನೆ, ನೋಡಿ ಮುಗಿಯುವುದಿಲ್ಲ. ಆಚೆ ದಡ ಅನ್ನುವುದು ಕಾಣುವುದೇ ಇಲ್ಲ. ಹಿಮಾಲಯದಿಂದ ಇತ್ತ ಬಿದ್ದ ನೀರೆಲ್ಲ ಕೆಸರು ಹೊತ್ತು ನಮ್ಮ ಅಂಗಳದ ಮುಂದೆಯೇ ಹೋಗಬೇಕು. ಅದಕ್ಕೆ ಸಿಟ್ಟಿಲ್ಲ, ಅವಸರವಿಲ್ಲ. ದಂಡೆಯ ಕೆಳಗೆ ನಾಲಗೆ ಹಾಕಿ ಮೆತ್ತಗೆ ನೆಕ್ಕುತ್ತದೆ. ಮೇಲೆ ಹುಲ್ಲು, ದನ, ಒಣಹಾಕಿದ ಬಟ್ಟೆ ಎಲ್ಲ ಇದ್ದ ಹಾಗೇ ಇರುತ್ತವೆ. ಆಮೇಲೆ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ. ಆಮೇಲೆ ಹೊಲಕ್ಕೆ ಹೊಲವೇ ಇಲ್ಲ. ಹೆದರಿಕೆ ಆಗುತ್ತಿತ್ತು ನಿಜ, ಆದರೆ ಹೆದರಿಕೆಗಿಂತ ಬೆರಗೇ ಹೆಚ್ಚು. ಕೈಯಲ್ಲಿ ಕೊಡ ಹಿಡಿದು ನಿಂತವಳು ನೀರು ತರಲು ಬಂದಿದ್ದೇನೆ ಅನ್ನುವುದನ್ನೇ ಮರೆಯುತ್ತಿದ್ದೆ.

ಅಕ್ಕಪಕ್ಕದವರು ಒಬ್ಬೊಬ್ಬರಾಗಿ ತಗಡು ಬಿಚ್ಚಿ ದೋಣಿಗೆ ಹೇರಿದರು. ಕೋಳಿ, ಮಂಚ, ಬಾಗಿಲು, ಬೇಲಿಯ ಬಿದಿರನ್ನೂ ಬಿಡದೆ ಒಯ್ದರು. ಕಾಂಚನ್ ಮಾಝಿ ಅಂತ, ದೊಡ್ಡ ದೋಣಿಯ ಯಜಮಾನ, ಮಾವನ ಗೆಳೆಯ, ಒಂದು ಮಧ್ಯಾಹ್ನ ಬಂದು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ. ಅತ್ತೆ ಮಂಡಕ್ಕಿ, ಬೆಲ್ಲ ಕೊಟ್ಟರು.

"ನಿಮ್ಮದೊಂದೇ ನೋಡಿ ಅತ್ತಿಗೆ, ಈ ಸಾಲಲ್ಲಿ ನೆಟ್ಟಗೆ ನಿಂತಿರೋ ಸೂರು."

"ನಿಂತಿರ್ಲಿ. ಚೆನ್ನಾಗಿದೆಯಲ್ಲ ನೋಡೋಕೆ."

"ನೋಡೋಕೆ ಚೆನ್ನಾಗಿದೆ. ದೋಣಿ ಇವತ್ತು ಖಾಲಿ ಇದೆ, ಅದಕ್ಕೇ ಬಂದೆ."

"ಮಂಡಕ್ಕಿ ಇನ್ನಷ್ಟು ಹಾಕ್ಲಾ?"

ಕಾಂಚನ್ ಮಾಝಿ ನನ್ನ ಮುಖ ನೋಡಿದ. ಅವನು ಬೆಲ್ಲ ಬಾಯಿಗೆ ಹಾಕಿಕೊಂಡು ಎದ್ದುಹೋದ.

ಅಂದು ಕೊಳದಲ್ಲಿ ಪಾತ್ರೆ ಉಜ್ಜುವಾಗ ಪಿಯಾರಾ ಕೇಳಿದಳು, "ಅಕ್ಕಾ, ಅಮ್ಮನಿಗೆ ನದಿ ಕಾಣಿಸಲ್ವಾ?"

"ಕಾಣುತ್ತೆ. ಅವರಿಗೆ ನದಿಗಿಂತ ನೀನು ಹೋಗೋದು ಭಯ."

"ನಾನೆಲ್ಲಿ ದೂರ ಹೋಗ್ತೀನಿ? ದೋಣೀಲಿ ಅರ್ಧ ದಿನ."

"ಎಪ್ಪತ್ತರಲ್ಲಿ ಅವರು ಹೋಗಿದ್ದೂ ಅರ್ಧ ದಿನದ ದಾರಿಯೇ. ವಾಪಸ್ ಬಂದಾಗ ಯಾರಿದ್ರು ಹೇಳು."

ಪಿಯಾರಾ ಒಂದೇ ತಟ್ಟೆಯನ್ನು ಬಹಳ ಹೊತ್ತು ಉಜ್ಜುತ್ತ ಕೂತಳು.

ಅಮಾವಾಸ್ಯೆಯ ಉಬ್ಬರಕ್ಕೆ ನಾವೆಲ್ಲ ಹೆದರಿದ್ದೆವು. ನೀರು ಅಂಗಳದ ಅಂಚಿಗೆ ಬಂತು, ತುಳುಕಿತು, ನಿಂತಿತು. ನೆಲ ಹಿಡಿದುಕೊಂಡಿತು. ಮರುದಿನ ನನ್ನ ಗಂಡ ಬಲೆ ಕೊಡವುತ್ತ, "ಗೆದ್ದೆವು," ಅಂದರು. "ಇನ್ನು ಹುಣ್ಣಿಮೆ ತನಕ ಚಿಂತೆ ಇಲ್ಲ. ಅಷ್ಟರಲ್ಲಿ ಅಮ್ಮನ ಮನಸ್ಸು ತಿರುಗುತ್ತೆ." ನದಿಯಲ್ಲೇ ಬೆಳೆದ ಗಂಡಸು ಹೀಗೆ ಅಂದರೆ ನಾನು ನಂಬದೆ ಏನು ಮಾಡಲಿ? ಉಬ್ಬರದ ನೀರು ದಂಡೆಯನ್ನು ನೂಕಿ ಹಿಡಿದಿರುತ್ತದೆ, ನೀರು ಇಳಿಯುವಾಗಲೇ ಆಸರೆ ತಪ್ಪಿ ನೆಲ ಕಳಚುತ್ತದೆ ಅಂತ ಅವರಿಗೂ ಗೊತ್ತಿತ್ತು. ನಮಗೆಲ್ಲರಿಗೂ ಗೊತ್ತಿತ್ತು. ಆದರೆ ಉಬ್ಬರ ದಾಟಿದ ಖುಷಿಯಲ್ಲಿ ಇಳಿತವನ್ನು ಮರೆಯುವುದು ನಮ್ಮ ದಂಡೆಯವರ ಹಳೇ ಚಾಳಿ.

ಅವತ್ತು ಮಧ್ಯಾಹ್ನ ನಾನು ಬೇಳೆ ಒಗ್ಗರಣೆ ಮಾಡುತ್ತಿದ್ದೆ. ಹೊರಗೆ ಹಸು ಅರಚಿತು, ಹಗ್ಗ ಕಿತ್ತುಕೊಳ್ಳುವ ಹಾಗೆ. ಹೋಗಿ ನೋಡಿದರೆ ಅಡುಗೆಮನೆಗೂ ಮನೆಗೂ ನಡುವೆ ಅಂಗಳದ ಮೇಲೆ ಯಾರೋ ಕಡ್ಡಿಯಲ್ಲಿ ಗೆರೆ ಎಳೆದ ಹಾಗಿತ್ತು. ನಾನು ನಿಂತಿದ್ದು ನದಿಯ ಕಡೆ. ಮನೆ ಆ ಕಡೆ.

"ಅಕ್ಕಾ, ದಾಟಿ," ಅಂದಳು ಪಿಯಾರಾ ಆ ಕಡೆಯಿಂದ. ಕೂಗಲಿಲ್ಲ, ಕೂಗಿದರೆ ನೆಲ ಬಿದ್ದುಬಿಡುತ್ತದೆ ಅನ್ನುವ ಹಾಗೆ ಮೆಲ್ಲಗೆ ಅಂದಳು. ಕೈ ಚಾಚಿದ್ದಳು. ನಾನು ದಾಟಿದೆ. ಬೇಳೆ ಅಲ್ಲೇ ಒಲೆಯ ಮೇಲೆ ಕುದಿಯುತ್ತಿತ್ತು.

ನಮ್ಮ ಕಣ್ಣ ಮುಂದೆಯೇ ಅಡುಗೆಮನೆ ಹೊರಟಿತು. ಬೀಳಲಿಲ್ಲ, ಹೊರಟಿತು. ಪಕ್ಕದ ತೆಂಗಿನಮರ ನೆಟ್ಟಗೆ ನಿಂತೇ, ಕಾಯಿ ಗೊನೆ ಸಮೇತ, ನಮ್ಮಿಂದ ದೂರ ಸರಿಯುತ್ತ ಹೋಗಿ, ನಿಂತ ಹಾಗೇ ಕೆಳಗಿಳಿಯಿತು. ಗರಿಗಳು ಒಂದು ಗಳಿಗೆ ನೀರಿನ ಮೇಲೆ ಹರಡಿಕೊಂಡವು. ಆಮೇಲೆ ಅವೂ ಇಲ್ಲ. ಆ ಮರ ಮಾವ ನೆಟ್ಟದ್ದು. ನನ್ನ ಮೈಯೆಲ್ಲ ಜುಮ್ಮೆಂದಿತು. ಅಳು ಬರಲಿಲ್ಲ, ಇಷ್ಟು ದೊಡ್ಡದರ ಮುಂದೆ ಅಳುವುದೂ ಸಣ್ಣದಾಗಿ ಕಂಡಿತು. ಅತ್ತೆ ಬಾಗಿಲಲ್ಲಿ ನಿಂತು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಅವರ ತುಟಿಯಲ್ಲಿ ದೇವರ ಹೆಸರೂ ಇರಲಿಲ್ಲ.

ಕಾಂಚನ್ ಮಾಝಿ ದೋಣಿ ಕಟ್ಟುವ ದಡದಿಂದ ಜನ ಕರೆದುಕೊಂಡು ಓಡಿಬಂದ. ಇದ್ರಿಸ್ ಆಗಲೇ ಮೊಳೆ ಕೀಳಲು ಸೂರಿನ ಮೇಲೆ ಹತ್ತಿದ್ದ.

"ಕೆಳಗಿಳಿಯೋ ಮಂಕೇ. ಒಂದೊಂದೇ ತಗಡು ಬಿಚ್ತಾ ಕೂತ್ರೆ ನೀನೂ ಅದರ ಜೊತೆ ಹೋಗ್ತೀಯ. ಇಡೀ ಸೂರು ಎತ್ತೋಣ," ಅಂದ ಕಾಂಚನ್ ಮಾಝಿ.

"ಇಡೀ ಸೂರಾ? ಆಗುತ್ತಾ ಚಾಚಾ?"

"ಆಗುತ್ತೋ ಇಲ್ವೋ ಎತ್ತಿ ನೋಡೋಣ. ಗರಗಸ ತಾ."

ಕಂಬಗಳನ್ನು ಸೂರಿನ ಕೆಳಗೆ ಕೊಯ್ದರು. ಉದ್ದ ಬಿದಿರು ತಂದು ಅಡ್ಡಕ್ಕೆ ಕಟ್ಟಿದರು. ಬಲೆ ಹೆಣೆಯುತ್ತಿದ್ದವರು, ಮೀನು ತೂಗುತ್ತಿದ್ದವರು, ತಮ್ಮ ಮನೆ ಬಿಚ್ಚುತ್ತಿದ್ದವರು, ಹಿಂದಿನ ವಾರವಷ್ಟೇ ಹಸು ಬೇಲಿ ದಾಟಿತು ಅಂತ ನಮ್ಮ ಜೊತೆ ಜಗಳವಾಡಿದವರು, ಎಲ್ಲರೂ ಬಂದು ಬಿದಿರಿನ ಕೆಳಗೆ ಹೆಗಲು ಕೊಟ್ಟರು. ನನ್ನ ಗಂಡ ಒಂದು ಮೂಲೆ, ಇದ್ರಿಸ್ ಎದುರು ಮೂಲೆ. ಕಾಂಚನ್ ಮಾಝಿ ಕೂಗು ಹಾಕಿದ, ಅಷ್ಟು ಗಂಟಲುಗಳು ಒಂದೇ ಉಸಿರಿಗೆ ಓಗೊಟ್ಟವು, ಸೂರು ಕಂಬಗಳಿಂದ ಮೇಲೆದ್ದಿತು.

ಎದ್ದ ಸೂರು ನಡೆಯತೊಡಗಿತು. ಕೆಳಗೆ ಬರೀ ಕಾಲುಗಳು, ಮೇಲೆ ನಮ್ಮ ಮನೆ. ಗದ್ದೆಯ ಬದುವಿನ ಮೇಲೆ ವಾಲುತ್ತ, ಕಾಲುವೆಯಲ್ಲಿ ಎದೆಮಟ್ಟ ಇಳಿದು ಏಳುತ್ತ ಅದು ಒಡ್ಡಿನ ಕಡೆ ಹೋಗುತ್ತಿತ್ತು. ಮಕ್ಕಳು ಅದರ ನೆರಳಿನಲ್ಲೇ ಓಡುತ್ತಿದ್ದರು. ಅತ್ತೆ ನಡುವೆ ನಡೆಯುತ್ತಿದ್ದರು. "ಹೊರಗೆ ಬನ್ನಿ, ತುಳಿದುಬಿಡ್ತೀವಿ," ಅಂದರೆ, "ನನ್ನ ಮನೆಯಿಂದ ನಾನ್ಯಾಕೆ ಹೊರಗೆ ಬರ್ಲಿ," ಅಂದರು. ಬಿಸಿಲಿಗೆ ತಗಡು ಹೊಳೆಯುತ್ತಿತ್ತು. ಅಂಥದ್ದನ್ನು ನಾನು ಮೊದಲು ಕಂಡಿರಲಿಲ್ಲ, ಇನ್ನು ಕಾಣುತ್ತೇನೋ ಇಲ್ಲವೋ. ತಲೆಯ ಮೇಲೆ ಮಂಚ ಹೊತ್ತು ಹಿಂದೆ ನಡೆಯುತ್ತಿದ್ದವಳು ತಿರುಗಿ ನೋಡಿದೆ. ಕೊಯ್ದ ಕಂಬಗಳು ಮಾತ್ರ ನಿಂತಿದ್ದವು. ಸಂಜೆಯೊಳಗೆ ಅವೂ ಹೋದವಂತೆ.

ಒಡ್ಡಿನ ಮೇಲೆ ಮೊಣಕಾಲೆತ್ತರದ ಗೂಟಗಳ ಮೇಲೆ ಸೂರನ್ನು ಕೂರಿಸಿದರು. ಒಳಗೆ ಹೋಗಬೇಕಾದರೆ ಬಗ್ಗಿ, ತೆವಳಿ ಹೋಗಬೇಕು. ಅಂದು ಸಿಕ್ಕ ಅಕ್ಕಿ, ಸಿಕ್ಕ ಬೇಳೆ ಒಟ್ಟಿಗೆ ಹಾಕಿ ಖಿಚಡಿ ಮಾಡಿ ಹೆಗಲು ಕೊಟ್ಟವರಿಗೆಲ್ಲ ಬಡಿಸಿದೆವು. ಸೂರು ಹೊತ್ತವರಿಗೆ ಕೂಲಿ ಕೊಡುವಂತಿಲ್ಲ, ಊಟ ಮಾತ್ರ. ಇದ್ರಿಸನ ಹೆಗಲು ಬಾತುಕೊಂಡಿತ್ತು. ನನ್ನ ಗಂಡ ಅದಕ್ಕೆ ಸಾಸಿವೆ ಎಣ್ಣೆ ಉಜ್ಜುತ್ತ ಕೂತಿದ್ದರು. ಅಣ್ಣತಮ್ಮಂದಿರು ಹಾಗೆ ಕೂತದ್ದನ್ನು ಎಷ್ಟು ದಿನಗಳ ಮೇಲೆ ಕಂಡೆನೋ.

"ಅಣ್ಣಾ, ನಾನು ಚರಕ್ಕೆ ಹೋಗಲ್ಲ," ಅಂದ ಇದ್ರಿಸ್.

"ಹೋಗ್ಬೇಡ ಬಿಡು. ನಮ್ಮ ಮೀನಿನ ದೋಣೀಲಿ ಒಬ್ಬ ಆಳು ಬೇಕಂತೆ, ಯಜಮಾನರ ಹತ್ರ ಹೇಳ್ತೀನಿ."

ಕೇಳಿ ನನಗೂ ಸಂತೋಷವಾಯಿತು. ಇಳಿಯಲೇಬೇಕಾದ ಸೂರು ಇಳಿಯದೆ ನಡೆದುಬಂದಿದೆ, ಅಷ್ಟು ಜನ ಹೊತ್ತು ತಂದದ್ದನ್ನು ನಾವು ಹರಿಯುವುದೇ? ಬೇರೆಯಾಗುವ ಮಾತು ಇನ್ನೆತ್ತಬಾರದು ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಅತ್ತೆ ಗೆದ್ದರು, ಗೆಲ್ಲಲಿ.

ಗೆದ್ದ ಅತ್ತೆ ಮಾತ್ರ ಖಿಚಡಿ ಮುಟ್ಟಿರಲಿಲ್ಲ. ಒಡ್ಡಿನ ಅಂಚಿನಲ್ಲಿ ಕೂತು ನದಿ ನೋಡುತ್ತಿದ್ದರು. ಮರುದಿನವೂ ಅಲ್ಲೇ. ಅದರ ಮರುದಿನವೂ. ಕರೆದರೆ ಬಂದು ಕೂರುವರು, ತಟ್ಟೆಗೆ ಕೈಯಿಡುವರು, ಏಳುವರು. "ಜ್ವರವಾ ಅಮ್ಮಾ?" ಅಂದರೆ ಇಲ್ಲ. ವಾರ ಕಳೆದ ಮೇಲೆ ಒಂದು ಬೆಳಗ್ಗೆ, ನಾವೆಲ್ಲ ಸೂರಿನ ಕೆಳಗೆ ಬಗ್ಗಿ ಕೂತು ಮೆಣಸಿನಕಾಯಿ ಸುಟ್ಟುಕೊಂಡು ನೀರನ್ನ ಉಣ್ಣುತ್ತಿದ್ದಾಗ, ಅವರು ಹೊರಗಿನಿಂದಲೇ ಅಂದರು:

"ಬಡಗೀನ ಕರಿ. ಸೂರು ಎರಡು ಮಾಡ್ಲಿ."

ಯಾರಿಗೂ ಅರ್ಥವಾಗಲಿಲ್ಲ.

"ಅಮ್ಮಾ, ಇವನು ಹೋಗಲ್ಲ ಅಂದಿದಾನೆ," ಅಂದರು ನನ್ನ ಗಂಡ. "ಎಲ್ಲಾ ಸರಿ ಹೋಗಿದೆ."

"ಹೋಗ್ಬೇಕು ಅವನು."

"ನಾನೇನು ತಪ್ಪು ಮಾಡ್ದೆ?" ಇದ್ರಿಸ್ ತಟ್ಟೆ ಬಿಟ್ಟು ಏಳಹೋದ. "ಇಷ್ಟು ದಿನ ಹೋಗ್ತೀನಿ ಅಂದ್ರೆ ಬಿಡ್ಲಿಲ್ಲ. ಈಗ ಇರ್ತೀನಿ ಅಂದ್ರೆ ಓಡಿಸ್ತೀಯಾ?"

"ಓಡಿಸ್ತಿಲ್ಲ ಕಂದಾ. ಕೂತ್ಕೋ, ಹೇಳ್ತೀನಿ." ಅತ್ತೆ ಬಗ್ಗಿ ಒಳಗೆ ಬಂದು ಬಾಚ್ಚುವನ್ನು ತೊಡೆಯ ಮೇಲೆ ಎಳೆದುಕೊಂಡರು. "ಮೊನ್ನೆ ಆ ತೆಂಗಿನಮರ ಹೋದದ್ದು ನೋಡಿದ್ರಾ? ಹೇಗೆ ನಿಂತೇ ಹೋಯ್ತು? ನಮ್ಮಪ್ಪನ ಮನೇನೂ ಹಾಗೇ ಹೋಗಿರ್ಬೇಕು. ಗಟ್ಟಿ ಮನೆ ಅಂತ ಎಲ್ಲರನ್ನೂ ಕರೆದು ಒಂದೇ ಕಡೆ ಕೂರಿಸಿದ್ರಲ್ಲ ಅವ್ರು, ಒಂದೇ ತುತ್ತಿಗೆ ಎಲ್ರೂ ಸಿಕ್ಕಿದ್ರು. ನಾನು ಅಲ್ಲಿ ಇದ್ದಿದ್ರೆ, ಇದ್ದಿದ್ರೆ ಅಂತ ಇಷ್ಟು ವರ್ಷ ಅಳ್ತಿದ್ದೆ. ಇದ್ದಿದ್ರೆ ಏನಾಗ್ತಿತ್ತು? ನಾನೂ ಹೋಗ್ತಿದ್ದೆ, ಅಷ್ಟೇ. ನೀವಿಬ್ರೂ ಹುಟ್ತಾ ಇರ್ಲಿಲ್ಲ. ಅಪ್ಪನ ವಂಶದಲ್ಲಿ ನಾನೊಬ್ಳು ಯಾಕೆ ಉಳಿದೆ ಹೇಳಿ? ಅವತ್ತು ಬೇರೆಯವರ ಒಲೆ ಮುಂದೆ ಕೂತಿದ್ದಕ್ಕೆ."

ಅವರು ಬಾಚ್ಚುವಿನ ಕೈಯಿಂದ ಸುಟ್ಟ ಮೆಣಸಿನಕಾಯಿ ಬಿಡಿಸಿ ಪಕ್ಕಕ್ಕಿಟ್ಟರು.

"ಈ ನದಿಗೆ ನಾವು ಒಂದು ಲೆಕ್ಕಾನಾ?" ಅಂದರು ಅತ್ತೆ. "ಅದು ಎಷ್ಟು ದೊಡ್ಡದು ಅಂತ ನಾನು ಮರೆತಿದ್ದೆ. ನನ್ನ ಕಣ್ಣ ಮುಂದೆ ಎಲ್ಲರನ್ನೂ ಇಟ್ಕೊಂಡ್ರೆ ಅದು ಮುಟ್ಟಲ್ಲ ಅನ್ನೋ ಕೊಬ್ಬು ನಂಗೆ. ಬೇಡ. ಅರ್ಧ ಇಲ್ಲಿ, ಅರ್ಧ ಅಲ್ಲಿ."

"ಅಲ್ಲೂ ಅದೇ ನದಿ ಅಲ್ವಾ ಅಮ್ಮಾ," ಅಂದೆ ನಾನು.

"ಅದೇ ನದಿ. ಎರಡು ಕಡೆಗೂ ಒಂದೇ ದಿನ ಬರಲ್ಲ ಅಂತ ಆಸೆ, ಅಷ್ಟೇ. ಅದಕ್ಕಿಂತ ಹೆಚ್ಚು ಕೇಳೋಕೆ ನಾವ್ಯಾರು?" ಆಮೇಲೆ ನನ್ನ ಕಡೆ ತಿರುಗಿದರು. "ಟುನು ಪಿಯಾರಾ ಜೊತೆ ಹೋಗ್ಲಿ."

ನನಗೆ ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡೆ. "ಯಾರು?"

"ಟುನು. ಬಾಚ್ಚು ನಿನ್ನ ಹತ್ರ ಇರ್ಲಿ."

"ನನ್ನ ಮಗಳೇನು ತಗಡಾ ಪಾಲು ಹಾಕೋಕೆ?" ಮಾತು ನನ್ನ ಕೈಮೀರಿ ಬಂತು. "ನಿಮ್ಮ ಮಕ್ಕಳನ್ನ ಏನಾದ್ರೂ ಮಾಡ್ಕೊಳ್ಳಿ. ನನ್ನ ಹೊಟ್ಟೆಗೆ ಕೈ ಹಾಕ್ಬೇಡಿ. ಇವರೇ, ಏನಾದ್ರೂ ಹೇಳಿ."

ನನ್ನ ಗಂಡ ತಟ್ಟೆ ನೋಡುತ್ತ ಕೂತರು. ಪಿಯಾರಾ, "ಬೇಡ ಅಮ್ಮಾ, ಅಕ್ಕನಿಗೆ ಹಾಗೆ ಹೇಳ್ಬೇಡಿ," ಅಂತ ಅಳತೊಡಗಿದಳು.

"ಆಶ್ವಿನ, ಕಾರ್ತಿಕ, ಎರಡು ತಿಂಗಳು," ಅಂದರು ಅತ್ತೆ. ಅವರ ದನಿ ಏರಲಿಲ್ಲ. "ಬಿರುಗಾಳಿ ಕಾಲ ಕಳೀಲಿ. ಚಳಿಗೆ ಬಂದು ನಿನ್ನ ಪಕ್ಕ ಮಲಗ್ತಾಳೆ. ಮುಂದಿನ ವರ್ಷ ಮತ್ತೆ ಹೋಗ್ತಾಳೆ. ನೀನು ಬೇರೆ ಆಗ್ಬೇಕು ಅಂದ್ಯಲ್ಲ ಹಾಸ್ನಾ. ನಾನು ಬೈದೆ. ನೀನು ಅಂದದ್ದೇ ಸರಿ. ಬೇರೆ ಆಗೋದು ಅಂದ್ರೆ ಹೀಗೆ."

ಮೂರು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಬಡಗಿ ಬಂದ. ಸೂರಿನ ನೆತ್ತಿಯ ತಗಡು ಬಿಚ್ಚಿದ. ಸದ್ದು ತಾಳಲಾರದೆ ನಾನು ಒಡ್ಡಿನ ಇನ್ನೊಂದು ತುದಿಗೆ ಹೋಗಿ ನಿಂತೆ. ನದಿ ಎದುರಿಗೇ ಇತ್ತು, ಇಳಿತದಲ್ಲಿ, ಬಿಸಿಲಲ್ಲಿ, ಎಷ್ಟು ದೂರ ನೋಡಿದರೂ ಬರೀ ಅದೇ. ನಾವು ಎಲ್ಲಿ ಇದ್ದೆವೋ ಅಲ್ಲಿ ಈಗ ಒಂದು ಹಡಗು ಹೋಗುತ್ತಿತ್ತು. ನನ್ನ ಒಗ್ಗರಣೆಯ ಬಾಣಲೆ ಅದರ ಕೆಳಗೆಲ್ಲೋ ಇರಬೇಕು. ನೋಡುತ್ತ ನೋಡುತ್ತ ನನ್ನ ಸಿಟ್ಟು ಯಾರ ಮೇಲೆ ಅನ್ನುವುದೇ ಮರೆಯಿತು. ವಾಪಸ್ಸು ಬಂದು ಟುನುವಿನ ಎರಡು ಜೊತೆ ಬಟ್ಟೆ ಗಂಟು ಕಟ್ಟಿದೆ.

ಹುಡುಗಿಗೆ ಸಂಭ್ರಮ. "ಚಿಕ್ಕಮ್ಮ ಅಲ್ಲಿ ಬಾತುಕೋಳಿ ಸಾಕ್ತಾಳಂತೆ," ಅಂದಳು.

"ಸಾಕ್ಲಿ. ತಲೆಗೆ ಎಣ್ಣೆ ಹಾಕ್ಕೋ. ನೀರಿಗೆ ಇಳೀಬೇಡ."

"ನೀನು ಯಾವಾಗ ಬರ್ತೀಯಾ?"

"ನೀನೇ ಬರ್ತೀಯ, ಚಳಿಗೆ."

ಕಾಂಚನ್ ಮಾಝಿಯ ದೋಣಿಗೆ ಅರ್ಧ ಸೂರು ಹೇರಿದರು. ಇದ್ರಿಸ್ ಕೊನೆಗೆ ಕೇಳಿದ, "ನೀನು ಯಾವ ಕಡೆ ಅಮ್ಮಾ? ನಮ್ಮ ಜೊತೆ ಬಾ. ಒಡ್ಡು ಎಷ್ಟು ದಿನ ನಿಲ್ಲುತ್ತೆ?"

"ಅದಕ್ಕೇ ಇಲ್ಲಿರ್ತೀನಿ. ಗಾಳಿ ಎದ್ದು ಅಪಾಯದ ಬಾವುಟ ಹಾರಿಸಿದ್ರೆ ನಿಮ್ಮಣ್ಣ ಬಲೆ ಮಡಚ್ತಾ ಕೂರ್ತಾನೆ. ಎಳ್ಕೊಂಡು ಓಡೋರು ಒಬ್ರು ಬೇಡ್ವಾ?"

ಪಿಯಾರಾ ನನ್ನ ಕೈ ಹಿಡಿದಳು, ಬಿಟ್ಟಳು. ದೋಣಿ ಹೊರಟಿತು. ತಗಡಿನ ರಾಶಿಯ ಮೇಲೆ ಟುನು ಕೂತಿದ್ದಳು, ಎರಡು ಜಡೆ ಹಾಕಿಕೊಂಡು. ಅಷ್ಟು ದೊಡ್ಡ ದೋಣಿ, ನನ್ನ ಬೆರಳಿನಷ್ಟಾಯಿತು, ಆಮೇಲೆ ಸಾಸಿವೆ ಕಾಳಿನಷ್ಟಾಯಿತು. ನದಿ ಅದನ್ನು ಬೆನ್ನ ಮೇಲೆ ಕೂರಿಸಿಕೊಂಡು ತಣ್ಣಗೆ ಹೋಗುತ್ತಿತ್ತು, ಏನೂ ಮಾಡಿಯೇ ಇಲ್ಲ ಅನ್ನುವ ಹಾಗೆ. ಕಣ್ಣು ನೋಯುವ ತನಕ ನೋಡಿದೆ. ಕೊನೆಗೆ ನೀರು ಯಾವುದು, ಆಕಾಶ ಯಾವುದು ಅಂತಲೂ ತಿಳಿಯಲಿಲ್ಲ.

ಮಧ್ಯಾಹ್ನ ನಾನು ಅನ್ನ ಮಾಡಿ, ಸೊಪ್ಪಿನ ಪಲ್ಯ, ಒಂದು ತುಂಡು ಇಲಿಶ್ ಸಾರು ಮಾಡಿದೆ. ಅರ್ಧ ಸೂರಿನ ಕೆಳಗೆ ನಾವು ನಾಲ್ಕು ಜನ ಕೂತೆವು. ಅತ್ತೆ ಕೈ ತೊಳೆದು ಬಂದು, ಸಾರು ಕಲಸಿ, ಮುಳ್ಳು ಬಿಡಿಸಿ, ನಿಧಾನವಾಗಿ ಉಂಡರು. ಮತ್ತೆ ತಟ್ಟೆ ಮುಂದಕ್ಕೆ ನೂಕಿ, "ಇನ್ನೊಂದಿಷ್ಟು ಹಾಕು," ಅಂದರು. ಒಂದು ತಿಂಗಳಿಗೂ ಮೇಲೆ ಸರಿಯಾಗಿ ಉಣ್ಣದ ಹೆಂಗಸು, ಎರಡನೇ ಸಲ ಹಾಕಿಸಿಕೊಂಡು ತೃಪ್ತಿಯಾಗಿ ಉಂಡರು. ನನಗೆ ಒಂದು ತುತ್ತೂ ಗಂಟಲಿನಿಂದ ಕೆಳಗಿಳಿಯಲಿಲ್ಲ.